ಚುಕ್ಕೆಗೆರೆ

ಹಂಪನಕಟ್ಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಾಳಿಗೆ.
ಮರದ ಮೆಟ್ಟಿಲು ಹದಿನೇಳು, ಒಂಬತ್ತನೆಯದು ಕಿರುಗುಡುತ್ತದೆ.
ಆರಾನ್ಹ ಮತ್ತು ಕೊಡಂಚ, ವಾಸ್ತುಶಿಲ್ಪಿಗಳು.
ಊರಿಗೆಲ್ಲ ಮನೆ ಬರೆದುಕೊಟ್ಟವರು ಆ ಒಂದು ಮೆಟ್ಟಿಲನ್ನು
ಕೊನೆಯವರೆಗೂ ಸರಿ ಮಾಡಿಸಲಿಲ್ಲ.
"ಬಂದವರು ಗೊತ್ತಾಗ್ತದಲ್ಲ," ಎನ್ನುತ್ತಿದ್ದರು ಕೊಡಂಚರು.

ನಾನು ಸೇರಿದ್ದು ಎಪ್ಪತ್ತಾರರಲ್ಲಿ, ಟ್ರೇಸರ್ ಎಂದು.
ಅಪ್ಪ ಬೋಳಾರದ ಹಂಚಿನ ಕಾರ್ಖಾನೆಯಲ್ಲಿ
ಹಸಿ ಹಂಚಿನ ಅಂಚು ಕತ್ತರಿಸುತ್ತಿದ್ದರು.
ನಾನು ಅದೇ ಹಂಚನ್ನು ಕಾಗದದ ಮಾಡಿಗೆ
ಗೆರೆ ಗೆರೆಯಾಗಿ ಹೊದೆಸುವವಳು.
"ನಿನ್ನದು ಸೋರುವುದಿಲ್ಲ ಬಿಡು, ಜಲಜಾಕ್ಷಿ," ಎಂದು ನಗುತ್ತಿದ್ದರು.

ಯಾವ ಹಾಳೆಯಾದರೂ ಆರಾನ್ಹರ ಮೊದಲ ಗೆರೆ ಒಂದೇ:
ಎಡಗಡೆ, ಕೆಳಗಿನ ಮೂಲೆಯಿಂದ ಒಂದು ಬಾಣ.
ನೈಋತ್ಯ.
"ಗಿರಾಕಿಗೆ ನೂರು ದಿಕ್ಕು ಉಂಟು. ಮಳೆಗೆ ಇದೊಂದೇ."
ಬಾಣ ನೋಡಿ ಆಮೇಲೆ ಕಿಟಕಿ, ಆಮೇಲೆ ಜಗಲಿ,
ಕಟ್ಟಕಡೆಗೆ ಗಿರಾಕಿಯ ಹೆಸರು.

ಬರೆದೆವು. ಹೆರಿಗೆ ಆಸ್ಪತ್ರೆ, ಗೋಡಂಬಿ ಕಾರ್ಖಾನೆ,
ಕಾಪುವಿನಲ್ಲೊಂದು ಮಂಜುಗಡ್ಡೆಯ ಗೋದಾಮು,
ಮಸ್ಕತ್ತಿನ ದುಡ್ಡಿಗೆ ರೋಮಿನ ಕಂಬ.
ಎಲ್ಲವೂ ಚಂದ ಬಂತೆಂದು ಹೇಳಲಾರೆ.
ಜೆಪ್ಪುವಿನ ಹಾಸ್ಟೆಲಿನ ಚಪ್ಪಟೆ ತಾರಸಿ
ಮೊದಲ ಜೂನಿನಲ್ಲೇ ಹುಡುಗರ ಚಾಪೆಗೆ ಇಳಿಯಿತು.
ಆರಾನ್ಹರು ಹೋಗಿ ಒಂದು ರಾತ್ರಿ ಅಲ್ಲೇ ಮಲಗಿ ಬಂದರು.
ಮರುದಿನ ನೆಗಡಿ; ಯಾರೊಡನೆಯೂ ಮಾತಿಲ್ಲ.

ಎಂಬತ್ತೊಂದರಲ್ಲಿ ಬಂದರಿನ ಮೀನು ಸೊಸೈಟಿ.
ನಕ್ಷೆ ಮುಗಿದಿತ್ತು, ಇಂಕೂ ಒಣಗಿತ್ತು.
ಕೊಡಂಚರು ಮಾತ್ರ ಅಳತೆ ಟೇಪು ಹಿಡಿದು ದಕ್ಕೆಗೆ ಹೊರಟರು,
ಶುದ್ಧ ಸಸ್ಯಾಹಾರಿ, ಮೂಗಿಗೆ ಕರ್ಚೀಫು,
ಮೀನು ಹೊತ್ತ ಹೆಂಗಸರ ಸಾಲಿನಲ್ಲಿ ನಿಂತು ಕೇಳಿದರು:
ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಡವೆಂದಾದರೆ
ಕಟ್ಟೆ ಎಷ್ಟು ಎತ್ತರ ಇರಬೇಕು?
ಮೊದಲು ನಗು. ಆಮೇಲೆ ಅಪ್ಪಿಯಕ್ಕ ಗೋಡೆಗೆ ಬೆನ್ನು ಕೊಟ್ಟು
ತನ್ನ ಮೂಗಿನ ನೇರಕ್ಕೆ ಅಂಗೈ ಇಟ್ಟಳು.
"ಮುಲ್ಪ."
ನಾಲ್ಕಡಿ ಎಂಟಿಂಚು.

ಅರ್ಧ ಬ್ಲೇಡಿನಿಂದ ಇಂಕು ಕೆರೆದೆ.
ಕಾಗದ ಹರಿಯಬಾರದು, ಗೆರೆ ಉಳಿಯಬಾರದು.
ಒಂದು ಕಿಟಕಿ ಆಚೆ ಸರಿಯಿತು, ಒಂದು ಕಟ್ಟೆ ಈಚೆ ಬಂತು.

ಈಗ ಇಬ್ಬರೂ ಇಲ್ಲ. ಬೋರ್ಡಿನಲ್ಲಿ ಇದ್ದಾರೆ.
ಆರಾನ್ಹರ ತಂಗಿಯ ಮಗಳು ಜೆಸಿಂತಾ ಜಾಣೆ,
ಪರದೆಯ ಮೇಲೆ ಕಟ್ಟಡವನ್ನು ಗಿರಗಿರನೆ ತಿರುಗಿಸುತ್ತಾಳೆ;
ನೈಋತ್ಯ ನೋಡನೋಡುತ್ತ ಈಶಾನ್ಯವಾಗುತ್ತದೆ.
ನಿವೃತ್ತಳಾದ ನನಗೆ ಫೋನು: "ಬಂದರಿನ ಹಳೆ ನಕ್ಷೆ
ಯಾವ ಕೊಳವೆಯಲ್ಲಿ ಉಂಟು ಆಂಟಿ?
ಏಳು ಮಾಳಿಗೆ ಬರ್ತದೆ ಅಲ್ಲಿ. ನಮಗೇ ಸಿಕ್ಕಿದ್ದು."

ಸಿಕ್ಕಿತು. ಜಿರಲೆ ತಿಂದ ಅಂಚು, ಅಮೋನಿಯದ ಹಳೇ ಘಾಟು.
ಬೆಳಕಿಗೆ ಹಿಡಿದರೆ ನಾನು ಕೆರೆದ ಜಾಗ
ಗಾಯ ಮಾಸಿದ ಚರ್ಮದ ಹಾಗೆ ತೆಳ್ಳಗೆ.

ನಮ್ಮ ಕಸುಬಿನಲ್ಲಿ ಇರುವುದಕ್ಕೆ ತುಂಬುಗೆರೆ,
ಕೆಡವುವುದಕ್ಕೆ ಚುಕ್ಕೆಗೆರೆ.
ಹುಡುಗಿ ಹೇಳಿದಳು, ಒಂದು ಕೀಲಿ ಒತ್ತಿದರೆ ಸಾಕಂತೆ,
ಗೋಡೆಗಳೆಲ್ಲ ಒಟ್ಟಿಗೆ ಚುಕ್ಕಿಯಾಗುತ್ತವಂತೆ.
ಬೇಡ, ಇದೊಂದನ್ನು ನಾನೇ ಬರೆಯುತ್ತೇನೆ ಎಂದೆ.
ಗೆರೆ ಎಳೆಯುವುದಕ್ಕಿಂತ ಕಷ್ಟ ಅದು:
ಪ್ರತಿ ಚುಕ್ಕೆಗೂ ಪೆನ್ನು ಎತ್ತಬೇಕು.

ಅದಕ್ಕೆ ಮೊದಲು ಅಳೆಯಲು ಹೋದೆ.
ಮೀನು ಈಗ ಪ್ಲಾಸ್ಟಿಕ್ ಕ್ರೇಟಿನಲ್ಲಿ, ಟೆಂಪೋದಲ್ಲಿ.
ಕಟ್ಟೆಯ ಮೇಲೆ ಚಹಾದ ಗ್ಲಾಸು, ಯಾರದೋ ಹೆಲ್ಮೆಟ್ಟು,
ಬಾಲ ಇಳಿಬಿಟ್ಟು ಮಲಗಿದ ಬೆಕ್ಕು.
ಎರಡು ತುದಿಯಲ್ಲೂ ಅಳತೆ ಸರಿ: ನಾಲ್ಕಡಿ ಎಂಟು.
ನಡುವಿನಲ್ಲಿ ಕೆಂಪು ಗಾರೆ ಸವೆದು ಸಿಮೆಂಟು ಕಾಣುವಲ್ಲಿ
ನಾಲ್ಕಡಿ ಏಳೂಮುಕ್ಕಾಲು.

ಕಾಲಿಂಚು ಎಲ್ಲಿ ಹೋಯಿತೆಂದು ಬರೆಯಲು
ಕೆಡಹುವ ನಕ್ಷೆಯಲ್ಲಿ ಕಲಮಿಲ್ಲ.
ಬೆಕ್ಕನ್ನು ಎಬ್ಬಿಸದೆ
ಇನ್ನೊಮ್ಮೆ ಟೇಪು ಎಳೆದೆ.